ಬಾಗಿಲ ಮರೆಯ ಭೌತಶಾಸ್ತ್ರ

ಹೋದ ವಾರ ಮನೆಗೆ ಬಣ್ಣ ಹೊಡೆಸಿದೆವು. ಉಪ್ಪುಕಾಗದ ಹಿಡಿದು ಅಡಿಗೆಮನೆಯ ಬಾಗಿಲ ಮುಂದೆ ನಿಂತ ಪೇಂಟರ್ ಹುಡುಗ ಚೌಕಟ್ಟನ್ನೇ ನೋಡುತ್ತಾ, "ಯಜಮಾನ್ರ, ಬಾಗಲೆಲ್ಲಾ ಚಲೋ ಐತಿ. ಈ ಒಂದು ಗೇಣು ಜಾಗದಾಗ ಮಾತ್ರ ಬಣ್ಣ ಪೂರಾ ಹೋಗಿ ಕಟಗಿ ಕಾಣಸ್ತೈತಲ್ಲ, ಇಲ್ಲೇನು ದನ ಕಟ್ತಿದ್ರೇನು?" ಎಂದು ಕೇಳಿದ. ತಮಾಷೆಗೇ ಕೇಳಿದ. ನಾನೂ ನಕ್ಕೆ. ನಕ್ಕು ಹೊರಗೆ ಬಂದು ಕಟ್ಟೆಯ ಮೇಲೆ ಕೂತವನಿಗೆ ಬಹಳ ಹೊತ್ತು ಒಳಗೆ ಹೋಗಲು ಮನಸ್ಸಾಗಲಿಲ್ಲ.

ಅಲ್ಲಿ ದನ ಕಟ್ಟುತ್ತಿರಲಿಲ್ಲ. ಅಲ್ಲಿ ನನ್ನ ಸೊಸೆ ಗಿರಿಜಾ ನಿಲ್ಲುತ್ತಿದ್ದಳು. ತಲೆಯ ಮೇಲೆ ಸೆರಗು ಹೊದ್ದು, ಭುಜವನ್ನು ಚೌಕಟ್ಟಿಗೆ ಆನಿಸಿ, ನನ್ನ ಊಟ ಮುಗಿಯುವವರೆಗೆ ಬಾಗಿಲ ಮರೆಯಲ್ಲಿ ನಿಲ್ಲುತ್ತಿದ್ದಳು. ನನಗೆ ಇನ್ನೊಂದು ರೊಟ್ಟಿ ಬೇಕೋ, ಪಲ್ಯ ಸಾಕೋ ಎಂಬುದನ್ನು ಅಲ್ಲಿಂದಲೇ ನೋಡಿ ತಿಳಿದುಕೊಳ್ಳಬೇಕಿತ್ತು. ಕೇಳುವ ಹಾಗಿರಲಿಲ್ಲ. ನಮ್ಮ ಮನೆತನದಲ್ಲಿ ಸೊಸೆಯಾದವಳು ಮಾವನ ಜೊತೆ ನೇರ ಮಾತಾಡುತ್ತಿರಲಿಲ್ಲ. ಹೇಳುವುದೇನಿದ್ದರೂ ಅತ್ತೆಗೆ ಹೇಳಬೇಕು, ಅತ್ತೆ ಮಾವನಿಗೆ ಮುಟ್ಟಿಸಬೇಕು. ನನ್ನ ತಾಯಿ ನಮ್ಮ ಅಜ್ಜನ ಎದುರು ಹಾಗಿದ್ದಳು, ನನ್ನ ಹೆಂಡತಿ ನೀಲಮ್ಮ ನಮ್ಮ ಅಪ್ಪನ ಎದುರು ಹಾಗಿದ್ದಳು.

ಗಂಡಸರಿಗೂ ನಿಯಮಗಳಿದ್ದವು ಎಂದು ನಾವು ಹೇಳಿಕೊಳ್ಳುತ್ತಿದ್ದೆವು. ಹುಡುಕಿದರೆ ಸಿಗುವುದು ಒಂದೇ ನಿಯಮ: ಮನೆಯೊಳಗೆ ಕಾಲಿಡುವ ಮೊದಲು ಹೊರಗೇ ಒಮ್ಮೆ ಕೆಮ್ಮಬೇಕು. ಒಳಗಿನ ಹೆಣ್ಣುಮಕ್ಕಳು ಸೆರಗು ಸರಿಮಾಡಿಕೊಂಡು ಮರೆಗೆ ಸರಿಯಲು ಅದು ಗಂಟೆ ಬಾರಿಸಿದ ಹಾಗೆ. ಹೊಸಪೇಟೆಯ ಚಿತ್ತವಾಡ್ಗಿಯ ನಮ್ಮ ಓಣಿಯಲ್ಲಿ ನನ್ನ ಕೆಮ್ಮು ಹೆಸರುವಾಸಿಯಾಗಿತ್ತು. ಗಣಿಯ ಧೂಳು ಬಂದಮೇಲೆ ಅದಕ್ಕೆ ನಿಜವಾದ ಕೆಮ್ಮೂ ಸೇರಿಕೊಂಡಿತು. ಯಾವುದು ಮರ್ಯಾದೆಯ ಕೆಮ್ಮು, ಯಾವುದು ಧೂಳಿನ ಕೆಮ್ಮು ಎಂದು ತಿಳಿಯದೆ ಒಳಗಿನವರು ಹೊತ್ತಿಲ್ಲದ ಹೊತ್ತಿನಲ್ಲಿ ಸೆರಗು ಎಳೆದುಕೊಳ್ಳುವಂತಾಯಿತು.

ಆ ವರ್ಷಗಳನ್ನು ನೀವೂ ನೋಡಿರುತ್ತೀರಿ. ಸಂಡೂರಿನ ಗುಡ್ಡಗಳು ಕಬ್ಬಿಣದ ಅದಿರಾಗಿ ಲಾರಿ ಹತ್ತಿ ಹೊಸಪೇಟೆಯ ಮೇಲೆ ಹಾದುಹೋಗುತ್ತಿದ್ದ ಕಾಲ. ಬೆಳಿಗ್ಗೆ ಒಣಹಾಕಿದ ಬಿಳಿ ಪಂಚೆ ಸಂಜೆಗೆ ಸನ್ಯಾಸಿಯ ಪಂಚೆಯಾಗುತ್ತಿತ್ತು. ಊರಲ್ಲಿ ಮಾತ್ರ ಒಬ್ಬರೂ ಸನ್ಯಾಸಿಗಳಾಗಲಿಲ್ಲ. ನನ್ನದು ಸಂಡೂರು ರಸ್ತೆಯಲ್ಲಿ ಎಂಜಿನ್ ಆಯಿಲ್ಲಿನ ಅಂಗಡಿ. ಮೊದಲು ರೈತರ ಪಂಪ್‌ಸೆಟ್ಟಿಗೆ, ಟ್ರ್ಯಾಕ್ಟರಿಗೆ ಡಬ್ಬಿಯಲ್ಲಿ ಅಳೆದು ಕೊಡುತ್ತಿದ್ದವನು ಈಗ ಲಾರಿಯವರಿಗೆ ಡ್ರಮ್ಮುಗಟ್ಟಲೆ ಮಾರತೊಡಗಿದೆ. ಬೆರಳಿಗೆ ಉಂಗುರ ಬಂತು. ನಾಲ್ಕು ಜನ ಸೇರಿದ ಕಡೆ "ಬರ್ರಿ ಸಾವ್ಕಾರ್ರ, ಕುಂದ್ರಿ" ಎಂದು ಕುರ್ಚಿ ಎಳೆದುಕೊಡುವವರಾದರು. ಎಸ್ಸೆಸ್ಸೆಲ್ಸಿ ಪಾಸಾದವನಿಗೆ ಇನ್ನೇನು ಬೇಕು? ಮಗ ಮಲ್ಲಿಕಾರ್ಜುನ ಸಂಡೂರಿನ ಕಡೆ ಒಂದು ಗಣಿಯಲ್ಲಿ ಸೂಪರ್‌ವೈಸರ್ ಆಗಿದ್ದ. ಭಾನುವಾರ ಬಂದು, ತಲೆಸ್ನಾನ ಮಾಡಿ, ಮಲಗಿ, ಸೋಮವಾರ ಕೆಂಪು ಬೂಟು ಹಾಕಿಕೊಂಡು ಹೋಗುತ್ತಿದ್ದ.

ಒಂದು ಮಧ್ಯಾಹ್ನ ಅಂಗಡಿಯಿಂದ ಮನೆಗೆ ಫೋನು ಮಾಡಿದೆ. ಆ ಕಡೆ ಒಂದು ಹೆಣ್ಣುದನಿ "ಹಲೋ" ಎಂದಿತು. ಗುರುತಿನ ದನಿಯಲ್ಲ. "ರಾಂಗ್ ನಂಬರ್ ಆತ್ರಿ ತಾಯಿ" ಎಂದು ಇಟ್ಟೆ. ಮತ್ತೆ ಮಾಡಿದೆ, ಮತ್ತೆ ಅದೇ ದನಿ. ಫೋನಿನವರಿಗೆಲ್ಲ ಬೈದುಕೊಳ್ಳುತ್ತಾ ಮನೆಗೆ ಬಂದು ಹೇಳಿದರೆ ನೀಲಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಅದು ನಮ್ಮ ಗಿರಿಜಾ ಅಲ್ಲೇನ್ರಿ! ನಾ ಹಿತ್ತಲದಾಗ ಬಟ್ಟಿ ಒಗೀತಿದ್ನಿ." ಸೊಸೆ ಮನೆಗೆ ಬಂದು ಆಗಲೇ ವರ್ಷಗಳು ಕಳೆದಿದ್ದವು. ಅವತ್ತು ನಾನೂ ನಕ್ಕೆ. ಇವತ್ತು ಬರೆಯುವಾಗ ಆ ನಗು ಎಲ್ಲಿ ಹುಡುಕಿದರೂ ಸಿಗುತ್ತಿಲ್ಲ.

ನಾನು ಹೇಳಬೇಕಾದ ತಪ್ಪು ಇದಲ್ಲ. ಇದಕ್ಕಿಂತ ದೊಡ್ಡದು.

ಗಿರಿಜಾ ಬಿ.ಎಸ್ಸಿ. ಓದಿ, ಬಿ.ಎಡ್. ಮಾಡಿಕೊಂಡು ಬಂದವಳು. ಮೇಷ್ಟರಾಗಬೇಕು ಎನ್ನುವುದೊಂದೇ ಅವಳ ಆಸೆ. ಗಣಿಯ ದುಡ್ಡಿನಲ್ಲಿ ಆಗ ಹೊಸಪೇಟೆಯಲ್ಲಿ ಖಾಸಗಿ ಹೈಸ್ಕೂಲುಗಳು ಮಳೆಗಾಲದ ಅಣಬೆಯ ಹಾಗೆ ಏಳುತ್ತಿದ್ದವು. ಅಂಥದ್ದೊಂದರಲ್ಲಿ ವಿಜ್ಞಾನಕ್ಕೆ ಟೀಚರು ಬೇಕು ಎಂದಾಗ ನೀಲಮ್ಮನ ಮೂಲಕ ಅರ್ಜಿ ನನ್ನವರೆಗೆ ಬಂತು, ನಾನು ಹೂಂ ಎಂದೆ. ಕೆಲಸ ಕೊಡುವ ಮೊದಲು ಆಡಳಿತ ಮಂಡಳಿಯವರ ಮುಂದೆ ಒಂದು ಪಾಠ ಮಾಡಿ ತೋರಿಸಬೇಕಿತ್ತು. ಒಂಬತ್ತನೇ ತರಗತಿಯ ಸಂವೇಗ ಮತ್ತು ಆವೇಗ.

ಮಂಡಳಿಯಲ್ಲಿದ್ದ ನನ್ನ ಸ್ನೇಹಿತ, ಕಂಪ್ಲಿಯಲ್ಲಿ ಅಕ್ಕಿ ಗಿರಣಿ ಇರುವ ವೀರಭದ್ರಪ್ಪ, ಸಂಜೆ ಅಂಗಡಿಗೆ ಬಂದು ತೊಡೆ ತಟ್ಟಿಕೊಂಡು ಹೇಳಿದ: "ಏ ದೋಸ್ತ, ನಿನ್ನ ಸೊಸಿ ಬೋರ್ಡಿನ ಮ್ಯಾಲ ಸಂವೇಗ ಅಂತ ಮುತ್ತಿನಂಗ ಬರದ್ಳು. ನಮ್ಮ ಕಡೆ ತಿರುಗಿದ್ಳು. ತಲಿ ಕೆಳಗ ಹಾಕಿದ್ಳು. ಅಷ್ಟ! ಐದು ಮಂದಿ ಹಿರೇರು ಕುಂತಿದ್ವಿ, ಒಂದು ಮಾತು ಹೊರಗ ಬರಲಿಲ್ಲ. ಕೆಲಸ ಹೋದ್ರ ಹೋಗಲಿ ಬಿಡು. ಮರ್ಯಾದಿ ಅಂದ್ರ ಇದು ನೋಡು!"

ನನಗೆ ಎಷ್ಟು ಹೆಮ್ಮೆಯಾಯಿತು ಎಂದರೆ, ಅಂಗಡಿಯಲ್ಲಿದ್ದವರಿಗೆಲ್ಲ ಮಿರ್ಚಿ ಬಜ್ಜಿ, ಚಹಾ ತರಿಸಿದೆ. ಮರುದಿನ ಬಸ್‌ಸ್ಟ್ಯಾಂಡಿನ ಹತ್ತಿರ ಸಿಕ್ಕವರಿಗೂ ಹೇಳಿದೆ. ಯಾರದೋ ಮದುವೆಯ ಪಂಕ್ತಿಯಲ್ಲಿ ಪಕ್ಕದ ಎಲೆಯವರಿಗೂ ಹೇಳಿದೆ. ಸೊಸೆ ಸೋತು ಬಂದದ್ದನ್ನು ಊರ ತುಂಬ ಹಂಚಿಕೊಂಡು ಬೀಗಿದ ಮಾವ ಹೊಸಪೇಟೆಯಲ್ಲಿ ನಾನೊಬ್ಬನೇ ಇರಬೇಕು.

ಒಂದು ಸಂಜೆ ನೀಲಮ್ಮ ಜೋಳ ಹಸನು ಮಾಡುತ್ತಿದ್ದವಳು ಮೊರವನ್ನು ಕೆಳಗಿಟ್ಟಳು. ಅವಳು ಮೊರ ಕೆಳಗಿಟ್ಟಳೆಂದರೆ ನಾನು ಚಪ್ಪಲಿ ಹುಡುಕುವುದು ವಾಡಿಕೆ. ಅವತ್ತು ಸಿಗಲಿಲ್ಲ.

"ಮೀಸಿ ತಿರುವಿಕೊಂತ ಅಡ್ಡಾಡ್ರಿ ನೀವು. ಆಕಿ ಆ ಪಾಠಾನ ಕನ್ನಡಿ ಮುಂದ ನಿಂತು ಎಷ್ಟು ದಿನ ಕಲತಿದ್ಲು ಗೊತ್ತೇನು? ಅಲ್ಲಿ ಹೋದಮ್ಯಾಲ ಬಾಯಿ ಯಾಕ ಕಟ್ತು, ಅದಾರ ಗೊತ್ತೇನು?"

"ಯಾಕ?"

"ಅಲ್ಲಿ ಕುಂತೋರೆಲ್ಲಾ ನಿಮ್ಮಂಗ ಕಾಣಿಸಿದ್ರಂತ."

ಆ ರಾತ್ರಿ ಊಟಕ್ಕೆ ಕೂತಾಗ ಬಾಗಿಲ ಕಡೆ ನೋಡಿದೆ. ಸೆರಗಿನ ಅಂಚು, ನಾಲ್ಕು ಬಳೆ, ಒಂದು ಭುಜ. ಅಷ್ಟೇ ಕಾಣುತ್ತಿತ್ತು. ಅಷ್ಟು ವರ್ಷ ನಾನು ಕಂಡ ಸೊಸೆ ಅಷ್ಟೇ. ಕೈ ಖಾಲಿ ಲೋಟದ ಕಡೆ ಹೋಯಿತು. ಬಾಗಿಲ ಮರೆಯಿಂದ ನೀರು ಬಂತು, ಕೇಳದೆಯೇ.

ರೈಲ್ವೆ ಹಳಿಯ ಆಚೆಗಿನ ಇನ್ನೊಂದು ಹೈಸ್ಕೂಲಿನವರು ಬೇಸಿಗೆ ರಜೆಯಲ್ಲಿ ಕರೆದರು. ಪಾಠ ನಿಮಗೆ ಬೇಕಾದ್ದು ಮಾಡಿ ಎಂದಿದ್ದರು. ನಾನು ನೀಲಮ್ಮನಿಗೆ, "ಗಿಡ, ಎಲಿ, ಹೂವು, ಇಂಥಾದ್ದೇನರ ಸರಳ ಮಾಡಂತ ಹೇಳು" ಎಂದೆ. ಒಳಗಿನಿಂದ ಉತ್ತರ ಬಂತು. ನೀಲಮ್ಮ ಅದನ್ನು ಮುಟ್ಟಿಸಿದಳು: "ಅದೇ ಮಾಡ್ತಾಳಂತ. ಯಾವುದರಾಗ ಬಾಯಿ ಕಟ್ಟಿತ್ತೋ ಅದೇ."

"ಹಂಗಾದ್ರ ನನ್ನ ಮುಂದ ಕಲೀಲಿ" ಎಂದೆ. "ಅಲ್ಲಿ ಕುಂತೋರು ನನ್ನಂಗ ಕಾಣಸ್ತಾರಂದ್ರ, ನನ್ನ ಮುಂದ ಬಾಯಿ ಬಿಟ್ರ ಅವರ ಮುಂದೂ ಬಿಡ್ತಾಳ."

ಹೇಳಿದ್ದೇನೋ ಹೇಳಿದೆ. ಪಾಠ ನಡೆಯುವುದು ಹೇಗೆ? ಅವಳು ನನ್ನ ಜೊತೆ ಮಾತಾಡುವ ಹಾಗಿಲ್ಲ. ಹೀಗಾಗಿ ನ್ಯೂಟನ್ನನ ನಿಯಮಗಳು ನಮ್ಮ ಮನೆಯಲ್ಲಿ ಅಡಿಗೆಮನೆಯಿಂದ ಹೊರಟು, ನೀಲಮ್ಮನನ್ನು ಹಾದು, ಪಡಸಾಲೆಗೆ ಬರತೊಡಗಿದವು. ನೀಲಮ್ಮ ಶಾಲೆಯ ಮೆಟ್ಟಿಲು ಹತ್ತಿದವಳಲ್ಲ.

ಬಾಗಿಲ ಮರೆಯಿಂದ ಪಿಸುದನಿ: "ಅತ್ತಿ, ವಸ್ತುವಿನ ದ್ರವ್ಯರಾಶಿ ಮತ್ತು ವೇಗಗಳ ಗುಣಲಬ್ಧಕ್ಕೆ ಸಂವೇಗ ಅಂತಾರ, ಅಂತ ಹೇಳ್ರಿ."

ನೀಲಮ್ಮ ಕಾಯಿಪಲ್ಯ ಹೆಚ್ಚುತ್ತಾ: "ಕೇಳಿದ್ರ್ಯಾ? ಎಷ್ಟು ಭಾರ ಐತಿ, ಎಷ್ಟು ಜಲ್ದಿ ಬರಾಕತ್ತೇತಿ, ಎರಡೂ ಕೂಡಿಸಬೇಕಂತ."

"ಕೂಡಿಸೂದಲ್ಲ ಅತ್ತಿ, ಗುಣಿಸೂದು."

"ಅದೇ ಆತು. ಗುಣಸ್ರಿ. ನಿಮ್ಮನ್ನ ನೋಡಿದ್ರ ಗೊತ್ತಾಗತೈತಿ. ಹೊಟ್ಟೀನೂ ದೊಡ್ಡದು, ಊಟ ಅಂದ್ರ ಓಡಿ ಬರೂದೂ ಜೋರು. ಗುಣಿಸಿದರ ಲೆಕ್ಕ ಎಲ್ಲಿಗೆ ಹೋಕ್ಕೈತೋ!"

ಬಾಗಿಲ ಮರೆಯಲ್ಲಿ ಬಳೆಗಳು ನಕ್ಕವು. ನಾನು ಮುಖ ಗಂಭೀರ ಮಾಡಿಕೊಂಡು ಕೂತೆ, ಆದರೆ ಒಳಗೊಳಗೇ ಒಂದು ತರಹ ಆಯಿತು. ಈ ಮನೆಯಲ್ಲಿ ಅವಳು ನಗುತ್ತಾಳೆ ಎಂಬುದೇ ನನಗೆ ಗೊತ್ತಿರಲಿಲ್ಲ.

ಸಂವೇಗ ನನಗೆ ಹೊಸದೇನಲ್ಲ. ಹೈಸ್ಕೂಲಿನಲ್ಲಿ ನಮ್ಮ ವಿಜ್ಞಾನದ ಮಾಸ್ತರು ವ್ಯಾಖ್ಯೆಗಳನ್ನು ಭಜನೆಯ ಧಾಟಿಯಲ್ಲಿ ಹೇಳಿಸುತ್ತಿದ್ದರು. ಅರ್ಧ ತರಗತಿ ತಾಳ ಹಾಕುತ್ತಿತ್ತು. ಸಂವೇಗ ಎಂದರೇನು ಎಂದು ನಿದ್ದೆಯಲ್ಲಿ ಕೇಳಿದರೂ ರಾಗವಾಗಿ ಹೇಳುತ್ತಿದ್ದೆ. ಅದು ಏನು ಎಂದು ಮಾತ್ರ ತಿಳಿದಿರಲಿಲ್ಲ, ತಿಳಿಯಬೇಕು ಎಂದು ಯಾರೂ ಕೇಳಿರಲೂ ಇಲ್ಲ. ತಿಳಿಸಲು ಬಂದವರು ಬೇರೆಯೇ ಇದ್ದರು. ಕಂಪ್ಲಿಯ ಕಡೆ ನಮ್ಮ ಸೋದರಮಾವನ ಬೆಲ್ಲದ ಗಾಣವಿತ್ತು. ಬೆಲ್ಲದ ಅಚ್ಚುಗಳನ್ನು ಗಾಡಿಗೆ ಹೇರುವಾಗ ಒಬ್ಬರು ಕೆಳಗಿನಿಂದ ಎಸೆಯುವುದು, ಇನ್ನೊಬ್ಬರು ಮೇಲೆ ನಿಂತು ಹಿಡಿಯುವುದು. ನಾನು ಶೂರನಂತೆ ಎರಡೂ ಕೈ ಬಿಗಿಯಾಗಿ ಮುಂದಕ್ಕೆ ಚಾಚಿ ಹಿಡಿದೆ. ಅಂಗೈ ಉರಿದು ಬೆಲ್ಲ ಎರಡು ಹೋಳಾಯಿತು. "ಲೇ, ಜಗಳಕ್ಕ ನಿಂತಂಗ ಯಾಕ ನಿಲ್ತಿ? ಕೈ ಹಿಂದಕ್ಕ ತಗೊಂತ ಹಿಡಿ, ಕೂಸು ಹಿಡಿದಂಗ" ಎಂದು ಮಾವ ಕೂಗಿದ. ಹಾಗೆ ಹಿಡಿದೆ, ಬೆಲ್ಲ ಉಳಿಯಿತು. ಯಾಕೆ ಉಳಿಯಿತು ಎಂದು ಕೇಳಲಿಲ್ಲ. ಒಡೆದ ಹೋಳು ತಿನ್ನಲು ಸಿಕ್ಕಿತ್ತು. ಬಾಯಿ ತುಂಬ ಬೆಲ್ಲವಿದ್ದಾಗ ಯಾರು ಪ್ರಶ್ನೆ ಕೇಳುತ್ತಾರೆ?

ಇರಲಿ. ಹೀಗೆ ನಮ್ಮ ಪಾಠ ನೀಲಮ್ಮನ ದಾರಿಯಲ್ಲಿ ಬಂದು ಹೋಗುತ್ತಿರುವಾಗ, ಅವಳ ತಂಗಿಯ ಮಗಳ ಬಾಣಂತನಕ್ಕೆ ಕಂಪ್ಲಿಯಿಂದ ಕರೆ ಬಂತು. ಚೀಲ ಹಿಡಿದು ಹೊಸ್ತಿಲಲ್ಲಿ ನಿಂತು ನೀಲಮ್ಮ ಅಪ್ಪಣೆ ಕೊಟ್ಟಳು: "ಇನ್ನ ನೀವುಂಟು, ಆಕಿ ಉಂಟು, ನಿಮ್ಮ ಸಂವೇಗ ಉಂಟು. ನಾ ಬರೋತನಕ ಹಂಗ ಮೂಕರಂಗ ಕುಂತಿದ್ರ ಇಬ್ಬರನ್ನೂ ಸುಮ್ಮನ ಬಿಡಾಕಿ ಅಲ್ಲ."

ಮೊದಲ ದಿನ ಮನೆ ಮಠದ ಹಾಗಿತ್ತು. ನಮ್ಮಲ್ಲಿ ಒಂದು ಬೂದು ಬೆಕ್ಕಿತ್ತು. ಸಂಜೆ ಬಾಗಿಲ ಮರೆಯಿಂದ ಗಿರಿಜಾ ಬೆಕ್ಕಿಗೆ ಹೇಳಿದಳು: "ಅನ್ನ ಆಗೇತಿ." ನಾನು ಬೆಕ್ಕಿಗೆ ಹೇಳಿದೆ: "ಬಂದೆ ಅಂತ ಹೇಳು." ಮರುದಿನ ಬೆಕ್ಕಿಗೆ ಆವೇಗದ ಪಾಠವೂ ಶುರುವಾಯಿತು. ಬಲವನ್ನು ಅದು ಕೆಲಸ ಮಾಡುವ ಕಾಲದಿಂದ ಗುಣಿಸಬೇಕು ಎಂಬಲ್ಲಿಗೆ ಬರುವಷ್ಟರಲ್ಲಿ ಬೆಕ್ಕು ಎದ್ದು ಮೈ ಮುರಿದು ಹಿತ್ತಲಿಗೆ ಹೋಯಿತು. ಪಾಠ ಅಲ್ಲೇ ನಿಂತಿತು. ಮರೆಯಲ್ಲಿ ಅವಳು, ಮಣೆಯ ಮೇಲೆ ನಾನು, ನಡುವೆ ಯಾರೂ ಇಲ್ಲ.

ನಾನೇ ಗಂಟಲು ಸರಿಮಾಡಿಕೊಂಡೆ. ಈ ಸಲ ಮರ್ಯಾದೆಯ ಕೆಮ್ಮಲ್ಲ, ನಿಜವಾದ ಹೆದರಿಕೆಯ ಕೆಮ್ಮು. "ಅವ್ವ, ಕಮಿಟಿಯೊಳಗ ಬೆಕ್ಕು ಇರೂದಿಲ್ಲ."

ಮರೆಯಲ್ಲಿ ಬಳೆಗಳು ಸರಿದಾಡಿದವು. ಆಮೇಲೆ ತೀರಾ ಸಣ್ಣಗೆ, "ಹೌದ್ರಿ" ಎಂದಳು. ಅದು ಅವಳು ನನಗೆ ನೇರವಾಗಿ ಆಡಿದ ಮೊದಲ ಮಾತು.

"ನಾ ಆ ಕಡೆ ಮುಖ ಮಾಡಿ ಕುಂದ್ರತೀನಿ. ನೀ ಹೊರಗ ಬಂದು ನಿಂತು ಹೇಳು" ಎಂದೆ. ಕುರ್ಚಿಯನ್ನು ಗೋಡೆಗೆ ತಿರುಗಿಸಿ, ಕ್ಯಾಲೆಂಡರಿಗೆ ಮುಖ ಮಾಡಿ ಕೂತೆ. ಬೆನ್ನ ಹಿಂದೆ ದನಿ ಶುರುವಾಯಿತು. ಮೊದಲು ನಡುಗುತ್ತಿತ್ತು, ವಾಕ್ಯದ ಕೊನೆ ನುಂಗಿಹೋಗುತ್ತಿತ್ತು. ನಾಲ್ಕಾರು ದಿನ ನಾನು ಭೌತಶಾಸ್ತ್ರವನ್ನು ಏಕಾದಶಿ, ಅಮಾವಾಸ್ಯೆಗಳನ್ನು ನೋಡುತ್ತಾ ಕಲಿತೆ. ಆಮೇಲೆ ಕುರ್ಚಿಯನ್ನು ಸ್ವಲ್ಪ ಓರೆ ಮಾಡಿದೆ. ಅವಳು ತಡವರಿಸಿದಳು, ನಿಲ್ಲಿಸಲಿಲ್ಲ. ಇನ್ನೊಂದು ದಿನ ಇನ್ನಷ್ಟು ತಿರುಗಿಸಿದೆ. ಒಂದೇ ಸಲಕ್ಕೆ ತಿರುಗಿ ಕೂತಿದ್ದರೆ ಅವಳು ಒಳಗೆ ಓಡಿಹೋಗುತ್ತಿದ್ದಳೋ ಏನೋ. ಕೊನೆಗೊಮ್ಮೆ ಎದುರಾಬದುರಾದೆವು. ಅವಳು ನೆಲ ನೋಡಿಕೊಂಡು ಪಾಠ ಹೇಳಿದಳು, ನಾನೂ ನೆಲ ನೋಡಿಕೊಂಡು ಕೇಳಿದೆ. ಆ ದಿನಗಳಲ್ಲಿ ನಮ್ಮ ನೆಲಕ್ಕೆ ಭೌತಶಾಸ್ತ್ರ ನಮ್ಮಿಬ್ಬರಿಗಿಂತ ಚೆನ್ನಾಗಿ ಬರುತ್ತಿತ್ತು.

ಆದರೂ ಒಂದು ತೊಡಕು ಉಳಿದಿತ್ತು. ಅದರ ಕಾರಣ ನಾನೇ. ನಮ್ಮ ಅಂಗಡಿಯಲ್ಲಿ ಆಯಿಲ್ ಡ್ರಮ್ಮನ್ನು ಲಾರಿಯಿಂದ ಇಳಿಸುವಾಗ ಕೆಳಗೆ ಒಂದು ಹಳೆಯ ಟೈರು ಹಾಕುತ್ತೇವೆ. ಡ್ರಮ್ಮನ್ನು ಅಂಚಿಗೆ ಉರುಳಿಸಿ ನೂಕಿದರೆ ಅದು ಧಪ್ಪನೆ ಟೈರಿನ ಮೇಲೆ ಬೀಳುತ್ತದೆ, ಒಡೆಯುವುದಿಲ್ಲ. ಗಿರಿಜಾ ಆವೇಗದ ಮಾತು ತೆಗೆದ ಕೂಡಲೇ ನಾನು, "ಗೊತ್ತು ಬಿಡವ್ವ. ಡ್ರಮ್ಮಿನ ಸಂವೇಗಾನ ಟೈರು ಅರ್ಧ ತಿಂದುಬಿಡತೈತಿ. ಅದಕ್ಕ ಡ್ರಮ್ಮು ಉಳೀತೈತಿ" ಎಂದೆ. ಈ ಅಂಗಡಿಯಲ್ಲಿ ಕೂದಲು ಬೆಳ್ಳಗಾದವನು ನಾನು. ಡ್ರಮ್ಮಿನ ವಿಷಯ ನನಗೆ ಯಾರು ಹೇಳಬೇಕು?

ಅವಳು "ಹಂಗೂ ಹೇಳಬಹುದೇನೋ ರೀ" ಎಂದಳು.

ಮರುದಿನ ಮತ್ತೆ ಅದೇ ಮಾತು ಬಂತು. ನಾನು ಮತ್ತೆ ಅದನ್ನೇ ಹೇಳಿದೆ. ಅವಳು ಮತ್ತೆ, "ಮಾವಾರು ಹೇಳಿದ್ದೂ ಐತಿ" ಎಂದು ಮುಂದಿನ ಪುಟಕ್ಕೆ ಹೋದಳು. ಹೋಗುವಾಗ ದನಿ ಮತ್ತೆ ಸಣ್ಣದಾಯಿತು. ಅಷ್ಟು ದಿನ ಕಷ್ಟಪಟ್ಟು ಹೊರಗೆ ಬಂದ ದನಿ ಮೊದಲಿದ್ದ ಬಾಗಿಲ ಮರೆಗೆ ಹೋಗಿ ನಿಂತ ಹಾಗಾಯಿತು. ನನಗೆ ಯಾಕೆಂದು ಹೊಳೆಯಲಿಲ್ಲ. ನಾನು ಬೇಕೆಂದು ತಪ್ಪು ಹೇಳಿ ಪರೀಕ್ಷೆ ಮಾಡುತ್ತಿದ್ದೆ ಎಂದು ಬರೆದರೆ ಈ ಮುದುಕನಿಗೆ ಶೋಭೆ ಬಂದೀತು. ಆದರೆ ಅದು ಸುಳ್ಳು. ನಾನು ಹೇಳಿದ್ದೇ ಸರಿ ಎಂದು ನನಗೆ ಪೂರಾ ನಂಬಿಕೆಯಿತ್ತು.

ಪಾಠ ತೋರಿಸುವ ದಿನ ಹತ್ತಿರ ಬಂತು. ಅದರ ಹಿಂದಿನ ದಿನ ಅಂಗಡಿಗೆ ಲೋಡು ಬಂದಿತ್ತು. ನೀಲಮ್ಮ ಊರಲ್ಲಿಲ್ಲದ್ದರಿಂದ ಊಟದ ಡಬ್ಬಿ ತಂದವಳು ಗಿರಿಜಾ. ಡಬ್ಬಿಯನ್ನು ಕಟ್ಟೆಯ ಮೇಲಿಟ್ಟು, ಸೆರಗು ಸರಿಮಾಡಿಕೊಂಡು, ಡ್ರಮ್ಮು ಬೀಳುವುದನ್ನೇ ನೋಡುತ್ತಾ ನಿಂತಳು. ಲಾರಿಯ ಮೇಲಿದ್ದ ನಮ್ಮ ಹಮಾಲಿ ಹುಸೇನ್‌ಸಾಬ್ ಒಂದನ್ನು ನೂಕಿದ. ಧಪ್. ಇನ್ನೊಂದು. ಧಪ್. ನಾನು ಹಮಾಲಿಗಳಿಗೂ ಕೇಳಲಿ ಎಂದು ದೊಡ್ಡದಾಗಿ ಹೇಳಿದೆ: "ನೋಡಿದ್ಯೇನವ್ವ? ಅರ್ಧ ಸಂವೇಗ ಟೈರು ತಿಂತು!"

"ಇಲ್ರಿ ಮಾವಾರ" ಎಂದಳು ಗಿರಿಜಾ. "ತಪ್ಪು."

ಹುಸೇನ್‌ಸಾಬ್ ಅಂಚಿಗೆ ಉರುಳಿಸಿದ್ದ ಡ್ರಮ್ಮನ್ನು ಹಾಗೇ ಹಿಡಿದು ನಿಂತ. ಕೆಳಗಿದ್ದ ಇಬ್ಬರು ನನ್ನ ಮುಖ ನೋಡಿದರು. ಆ ಅಂಗಡಿಯಲ್ಲಿ ನನಗೆ ಯಾರೂ ಆ ಮಾತು ಹೇಳಿರಲಿಲ್ಲ. ಮನೆಯಲ್ಲಂತೂ ದೂರದ ಮಾತು. ನನ್ನ ಅಜ್ಜ, ನನ್ನ ಅಪ್ಪ ಇಬ್ಬರೂ ಎದೆಯೊಳಗೆ ಎದ್ದು ಕೂತರು. ಒಂದು ಮಾತು ನಾಲಿಗೆಯ ತುದಿಗೆ ಬಂದಿತ್ತು. ಅದನ್ನು ಇಲ್ಲಿ ಬರೆಯಲಾರೆ. ಅದನ್ನು ಆಡಿಬಿಟ್ಟಿದ್ದರೆ ಅವಳು ಮರುದಿನ ಶಾಲೆಗೆ ಹೋಗುತ್ತಿರಲಿಲ್ಲ, ಮುಂದೆಂದೂ ಹೋಗುತ್ತಿರಲಿಲ್ಲ, ಅಷ್ಟು ಮಾತ್ರ ಗೊತ್ತು. ಅವಳ ಮುಖ ನೋಡಿದೆ. ತಾನು ಏನು ಹೇಳಿದೆ ಎಂದು ಅವಳಿಗೆ ಆಗ ತಿಳಿಯುತ್ತಿತ್ತು. ಬಣ್ಣ ಇಳಿದುಹೋಗಿತ್ತು. ಆದರೂ ಕಣ್ಣು ನೆಲಕ್ಕೆ ಹೋಗಿರಲಿಲ್ಲ.

"ಹೆಂಗ ತಪ್ಪು?" ಎಂದೆ. ದನಿ ನಾನು ಅಂದುಕೊಂಡಷ್ಟು ಮೆತ್ತಗೆ ಬರಲಿಲ್ಲ, ಆದರೂ ಬಂತು.

ಅವಳು ಡ್ರಮ್ಮಿನ ಕಡೆ ಬೆರಳು ಮಾಡಿದಳು. "ಡ್ರಮ್ಮಿನ ಭಾರ ಅಷ್ಟ, ಬೀಳೋ ಎತ್ತರ ಅಷ್ಟ. ಹಂಗಾದ್ರ ಕೆಳಗ ಬರೂದರಾಗ ಅದಕ್ಕ ಬಂದಿರೋ ಸಂವೇಗಾನೂ ಅಷ್ಟ. ಕೆಳಗ ಟೈರೈತೋ ಕಲ್ಲೈತೋ ಅದಕ್ಕೇನು ಗೊತ್ತು? ನಿಂತಮ್ಯಾಲ ಎರಡೂ ಕಡೆ ಸೊನ್ನೆ. ಕಳಕೊಂಡಿದ್ದು ಎರಡೂ ಕಡೆ ಒಂದ. ಟೈರು ಏನೂ ತಿನ್ನಲಿಲ್ರಿ."

"ಹಂಗಾದ್ರ ಡ್ರಮ್ಮು ಉಳೀತು ಹೆಂಗ?"

"ಹೊತ್ತು ಕೊಡ್ತು." ಅವಳು ಹೋಗಿ ಡ್ರಮ್ಮಿನ ಮೇಲೆ ಕೈಯಿಟ್ಟಳು. "ಕಲ್ಲಿನ ಮ್ಯಾಲ ಬಿದ್ರ ಅಷ್ಟನ್ನೂ ಕಣ್ಣು ಮುಚ್ಚಿ ತಗಿಯೂದರಾಗ ಕಳಕೋಬೇಕು. ಅದಕ್ಕ ಪೆಟ್ಟು ಜೋರು. ಟೈರು ಬಗ್ಗತೈತಿ. ಸಾವಕಾಶ ನಿಲ್ಲು ಅಂತೈತಿ. ಹೊತ್ತು ಹೆಚ್ಚಾತು, ಬಲ ಕಡಿಮಿ ಆತು. ಗುಣಿಸಿ ನೋಡಿದರ ಆವೇಗ ಎರಡೂ ಕಡೆ ಅಷ್ಟಕ್ಕಷ್ಟ."

ಹೇಳುವ ಭರದಲ್ಲಿ ತಲೆಯ ಮೇಲಿನ ಸೆರಗು ಜಾರಿ ಹೆಗಲಿಗೆ ಬಂದಿತ್ತು. ಅವಳು ನೋಡಿಕೊಳ್ಳಲಿಲ್ಲ. ಹಣೆಯ ಮೇಲೆ ಅದಿರಿನ ಕೆಂಪು ಧೂಳು, ಬೆವರು. ನನ್ನ ಸೊಸೆಯ ಮುಖವನ್ನು ನಾನು ಸರಿಯಾಗಿ ನೋಡಿದ್ದು ಅಲ್ಲಿ, ಸಂಡೂರು ರಸ್ತೆಯ ಬಿಸಿಲಲ್ಲಿ, ಹಮಾಲಿಗಳ ನಡುವೆ.

ಆಗ ನನಗೆ ಬೆಲ್ಲ ನೆನಪಾಯಿತು. ಕೈ ಹಿಂದಕ್ಕೆ ತೆಗೆದುಕೊಳ್ಳುತ್ತಾ ಹಿಡಿ ಎಂದಿದ್ದ ಸೋದರಮಾವ ನೆನಪಾದ. ಕೈ ಹಿಂದೆ ಸರಿಸಿದ್ದಕ್ಕೆ ಬಂದ ಬೆಲ್ಲದ ಜೋರು ಕಡಿಮೆಯಾಗಿರಲಿಲ್ಲ. ಅದು ನಿಲ್ಲಲು ನಾನು ಸ್ವಲ್ಪ ಹೊತ್ತು ಕೊಟ್ಟಿದ್ದೆ, ಅಷ್ಟೇ. ರಾಗ ಹಾಕಿ ಹಾಡಿದ ವ್ಯಾಖ್ಯೆ ಇಷ್ಟು ತಡವಾಗಿ ತಲೆಗೆ ಹೋಯಿತು. ಖುಷಿಗೋ ನಾಚಿಕೆಗೋ ನನ್ನ ಅಂಗೈಗಳನ್ನೇ ನೋಡಿಕೊಂಡೆ.

ಲಾರಿಯ ಮೇಲಿಂದ ಹುಸೇನ್‌ಸಾಬ್ ಕೇಳಿದ: "ಸಾವ್ಕಾರ, ಪಾಠ ಮುಗೀತೇನ್ರಿ? ಈ ಡ್ರಮ್ಮು ಹಿಡಕೊಂಡು ನನ್ನ ಆವೇಗ ಮುಗಿಯಾಕ ಬಂದೈತಿ."

ಗಿರಿಜಾ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ನಾನೂ ನಕ್ಕೆ. "ನೂಕೋ ನೂಕು" ಎಂದೆ. ಆಮೇಲೆ ಅವಳಿಗೆ ಹೇಳಿದೆ: "ನಾಳೆ ಅಲ್ಲಿ ಯಾರರ ನನ್ನಂಥಾವ ಎದ್ದು ಮಾತಾಡಿದ್ರ, ಹಿಂಗ ಹೇಳು. ಕೆಲಸ ಸಿಗದಿದ್ರೂ ಬ್ಯಾಸರಿಲ್ಲ. ಸುಮ್ಮನ ಮಾತ್ರ ಬರಬ್ಯಾಡ."

ಮರುದಿನ ನನ್ನ ಹಳೆಯ ಸ್ಕೂಟರಿನಲ್ಲಿ ಕರೆದುಕೊಂಡು ಹೋದೆ. ಸೊಸೆಯನ್ನು ಹಿಂದೆ ಕೂರಿಸಿಕೊಂಡು ಹೋದದ್ದೂ ಅದೇ ಮೊದಲು. ದಾರಿಯುದ್ದಕ್ಕೂ ಅವಳು ಒಂದೂ ಮಾತಾಡಲಿಲ್ಲ. ಶಾಲೆಯ ಗೇಟಿನ ಹತ್ತಿರ ಇಳಿದು ಸೆರಗು ಸರಿಮಾಡಿಕೊಂಡಳು. ಮಂಡಳಿಯಲ್ಲಿದ್ದ ಪರಿಚಯದವರೊಬ್ಬರು ನನ್ನನ್ನು ಕಂಡು, "ಬರ್ರಿ ಸಾವ್ಕಾರ್ರ, ನೀವೂ ಒಳಗ ಕುಂತು ಕೇಳ್ರಿ" ಎಂದರು. ಹೋಗಬೇಕೆಂದು ಬಹಳ ಆಸೆಯಿತ್ತು. ಗಿರಿಜಾಳ ಕಡೆ ನೋಡಿದೆ. "ಬ್ಯಾಡ್ರಿ ಮಾವಾರ" ಎಂದಳು. "ನೀವಿದ್ರ ನಾ ನಿಮಗ ಅಷ್ಟ ಹೇಳಿಕೊಂತ ನಿಂದ್ರತೀನಿ."

ಹೊರಗೆ ಬೇವಿನ ಗಿಡದ ಕೆಳಗೆ ಕೂತೆ. ಕೋಣೆ ದೂರವಿತ್ತು, ಏನೂ ಕೇಳಿಸುತ್ತಿರಲಿಲ್ಲ. ಆ ಹೊತ್ತಿನಲ್ಲಿ ನಾನು ಹರಕೆ ಹೊತ್ತ ದೇವರುಗಳ ಹೆಸರು ಹೇಳಿದರೆ, ಹಂಪಿಯಲ್ಲಿ ಯಾವ ಗುಡಿಯೂ ಉಳಿಯುವುದಿಲ್ಲ. ಒಮ್ಮೆ ಒಳಗಿನಿಂದ ಗಂಡಸರ ದೊಡ್ಡ ನಗು ಕೇಳಿಸಿತು. ಎದ್ದು ನಿಂತೆ. ಅವಳನ್ನು ನೋಡಿ ನಗುತ್ತಿದ್ದಾರೋ, ಅವಳ ಜೊತೆ ನಗುತ್ತಿದ್ದಾರೋ? ನಗುವಿನಿಂದ ಅದನ್ನು ಹೇಗೆ ತಿಳಿಯುವುದು? ಬೇರೆಯವರ ಸೊಸೆಯನ್ನು ಕುರಿತು ಹೀಗೇ ಎಷ್ಟು ಸಲ ನಕ್ಕಿದ್ದೇನೋ ಎಂದು ಲೆಕ್ಕ ಹಾಕುತ್ತಾ ಕೂತೆ.

ಅವಳು ಹೊರಗೆ ಬಂದಳು. ಕೈಗೆ, ಕುಪ್ಪಸಕ್ಕೆ, ಮೂಗಿನ ತುದಿಗೆ ಸೀಮೆಸುಣ್ಣ. ಹತ್ತಿರ ಬಂದು ಸಣ್ಣಗೆ, "ಜೂನ್‌ನಾಗ ಶಾಲಿ ಶುರು ಆಗೂದಕ್ಕ ಬರ್ರಿ ಅಂದಾರ" ಎಂದಳು. ನಾನು, "ಚಲೋ ಆತವ್ವ" ಎಂದೆ. ಸ್ಕೂಟರಿನ ಕಿಕ್ ಹೊಡೆಯುವ ನೆಪದಲ್ಲಿ ಆ ಕಡೆ ತಿರುಗಿಕೊಂಡೆ.

ರಸ್ತೆಗೆ ಬಿದ್ದಮೇಲೆ ಅವಳಿಗೆ ಮಾತು ಬಂತು. ಅಕ್ಕಪಕ್ಕ ಅದಿರು ಲಾರಿಗಳು ಹಾರ್ನು ಹೊಡೆಯುತ್ತಾ ಹೋಗುತ್ತಿದ್ದವು. ಅವಳು ಹೇಳುತ್ತಿದ್ದುದು ನನಗೆ ಅರೆಬರೆ ಕೇಳುತ್ತಿತ್ತು. "ಏನಂದಿ?" ಎಂದು ಕೂಗಿದೆ. ಅವಳು ಜೋರಾಗಿ ಹೇಳಿದಳು. ಇನ್ನೊಂದು ಲಾರಿ ಬಂತು, ಇನ್ನೂ ಜೋರಾಗಿ ಹೇಳಿದಳು. ಮೊದಲು ಸೀಮೆಸುಣ್ಣ ಮುರಿದದ್ದು, ಆಮೇಲೆ ಡ್ರಮ್ಮಿನ ಉದಾಹರಣೆ ಕೊಟ್ಟದ್ದು, ಒಬ್ಬರು ಟೈರಿನ ವಿಷಯದಲ್ಲಿ ವಾದಕ್ಕೆ ನಿಂತದ್ದು. ಎಲ್ಲವೂ ನನ್ನ ಕಿವಿಯ ಹತ್ತಿರ, ಲಾರಿಗಳ ಸದ್ದನ್ನು ಮೀರಿ ಬರುತ್ತಿತ್ತು. ನಾನು ಸ್ಕೂಟರನ್ನು ನಿಧಾನ ಮಾಡಿದೆ.

ರೈಲ್ವೆ ಗೇಟು ಹಾಕಿತ್ತು. ಗೂಡ್ಸು ಇನ್ನೂ ಬಂದಿರಲಿಲ್ಲ. ಎಲ್ಲರೂ ಎಂಜಿನ್ ಬಂದ್ ಮಾಡಿ ನಿಂತಿದ್ದರು. ನಾನೂ ಬಂದ್ ಮಾಡಿದೆ. ಒಮ್ಮೆಲೇ ಎಲ್ಲ ಸ್ತಬ್ಧವಾಯಿತು. ಆ ಸ್ತಬ್ಧತೆಯಲ್ಲಿ ನನ್ನ ಸೊಸೆಯ ದನಿಯೊಂದೇ ಗಂಟೆಯ ಹಾಗೆ ಮೊಳಗಿತು: "ಹೆಡ್ ಮಾಸ್ತರಿಗೇ ಅಂದೆ ಮಾವಾರ! ಡಸ್ಟರ್ ಕೈಗೆ ಕೊಟ್ಟು, ಒಗೀರಿ ನನ್ನ ಕಡೆ, ಹೆಂಗ ಹಿಡೀತೀನಿ ನೋಡ್ರಿ ಅಂತ!"

ಸೈಕಲ್ಲಿನವರು, ಬೈಕಿನವರು, ಲಾರಿಯ ಕ್ಲೀನರ್‌ಗಳು, ಎಲ್ಲರೂ ತಿರುಗಿ ನೋಡಿದರು. ಪಕ್ಕದ ಆಟೋದಲ್ಲಿ ನಮ್ಮ ಓಣಿಯ ಹಿರಿಯರೊಬ್ಬರಿದ್ದರು. ಅವರು ಮುಖ ಹೊರಗೆ ಹಾಕಿ ಮೊದಲು ಅವಳನ್ನು, ಆಮೇಲೆ ನನ್ನನ್ನು ನೋಡಿದರು. ಬೆನ್ನ ಹಿಂದೆ ಮಾತು ಕತ್ತರಿಸಿದ ಹಾಗೆ ನಿಂತುಹೋಯಿತು. ಸೆರಗು ತಲೆಗೆ ಏರುವ ಸಪ್ಪಳವೂ ಕೇಳಿಸಿತು.

ನಾನು ಕತ್ತು ಹಿಂದಕ್ಕೆ ತಿರುಗಿಸಿ, ಆಟೋದವರಿಗೂ ಮುಟ್ಟುವ ಹಾಗೆ ಹೇಳಿದೆ:

"ಯಾಕವ್ವ ನಿಲ್ಲಿಸಿದಿ? ಒಗದ್ರೇನು ಹೆಡ್ ಮಾಸ್ತರು? ಇನ್ನಷ್ಟು ಜೋರಾಗಿ ಹೇಳು, ನನಗ ಕೇಳಸವಲ್ದು."